ಬಾವಿಯ ಹಗ್ಗ ಹಿಡಿಯಲು ಕರೆದಾಗ

(ಕಲಬುರಗಿಯ ಮಸೀದಿಯೊಂದರಲ್ಲಿ ಜುಮಾ ಖುತ್ಬಾಕ್ಕೆ ಮುನ್ನ ನೀಡಿದ ಕನ್ನಡ ಪ್ರವಚನದ ಸಾರ)



ಸಕಲ ಸ್ತುತಿಯೂ ಅಲ್ಲಾಹನಿಗೆ. ಅವನ ಅಂತಿಮ ಪ್ರವಾದಿ ಮುಹಮ್ಮದ್(ಸ)ರ ಮೇಲೆ ಶಾಂತಿ ಮತ್ತು ಅನುಗ್ರಹವಿರಲಿ.

ಹೋದ ವಾರ ಒಂದು ನಿಕಾಹ್‌ಗೆಂದು ಕಮಲಾಪುರಕ್ಕೆ ಹೋಗಿದ್ದೆ. ಊಟ ಮುಗಿಸಿ ಬಸ್ಸಿಗೆ ಕಾಯುತ್ತಿದ್ದಾಗ ಹಿರಿಯ ರೈತರೊಬ್ಬರು ಪಕ್ಕದಲ್ಲಿ ಬಂದು ಕುಳಿತರು. ಅವರದು ಕೆಂಪು ಬಾಳೆಯ ತೋಟ. ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ, ಪೇಟೆಯಲ್ಲಿ ಒಳ್ಳೆಯ ಬೆಲೆಯೂ ಇದೆ. ಆದರೆ ಅದು ನೀರು ಬೇಡುವ ಬೆಳೆ. ನೀರು ಕೈಕೊಟ್ಟು ಅರ್ಧ ತೋಟ ಕಿತ್ತು ತೊಗರಿ ಹಾಕಿದೆ ಎಂದು ಅವರು ಹೇಳಿದರು. ಆಮೇಲೆ ಕೇಳಿದರು: "ಸಾಬ್ರ, ಊರಾಗಿನ ಹಳೀ ಬಾವಿ ಹೂಳು ತೆಗಿಲಾಕತ್ತೀವ್ರಿ. ಹಗ್ಗ ಎಳಿಯೋ ಕೈ ಕಡಿಮಿ ಬಿದ್ದಾವ. ನಿಮ್ಮ ಹುಡುಗರು ಒಂದು ಐತವಾರ ಬರ್ತಾರೇನ್ರಿ?"

ಕೇಳಿ ಹೇಳುತ್ತೇನೆ ಎಂದು ಬಂದೆ. ಇಶಾ ನಮಾಝಿನ ನಂತರ ಕೆಲವರ ಮುಂದೆ ವಿಷಯ ಇಟ್ಟೆ. ಒಬ್ಬರು, "ಅದು ಪಂಚಾಯಿತಿಯ ಕೆಲಸ, ನಮಗೇಕೆ?" ಎಂದರು. ಇನ್ನೊಬ್ಬರು, "ಅವರು ಕೆಲಸ ಶುರು ಮಾಡುವಾಗ ಪೂಜೆ ಮಾಡಿ ಕಾಯಿ ಒಡೆಯುತ್ತಾರೆ, ನಾವು ಹೋಗಬಹುದೇ?" ಎಂದರು. ಮೂರನೆಯವರು ಯುವಕರು. "ಹಝ್ರತ್, ಈ ದಿನಗಳಲ್ಲಿ ದೂರ ಇರುವುದೇ ಒಳ್ಳೆಯದು. ಮಾಡುವುದಾದರೆ ನಮ್ಮದೇ ಒಂದು ಸಂಘ ಮಾಡೋಣ" ಎಂದರು. ಈ ಮಾತುಗಳಿಗೆ ಉತ್ತರ ಹುಡುಕುತ್ತಾ ಇಂದು ನಿಮ್ಮ ಮುಂದೆ ನಿಂತಿದ್ದೇನೆ.

ನಮಗೇಕೆ ಎಂಬ ಮಾತಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 2020ರ ಅಕ್ಟೋಬರ್ ನೆನಪಿಸಿಕೊಳ್ಳಿ. ಭೀಮಾ ನದಿ ಉಕ್ಕಿ ಅಫಜಲಪುರ, ಜೇವರ್ಗಿ ಕಡೆಯ ಊರುಗಳು ಮುಳುಗಿದವು. ಮೂರು ವರ್ಷ ಕಳೆಯಿತು, 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಮುಳುಗಿದ್ದೂ ಇದೇ ಜಿಲ್ಲೆ, ಒಣಗಿದ್ದೂ ಇದೇ ಜಿಲ್ಲೆ. ಕಲ್ಲಿದ್ದಲು, ಡೀಸೆಲ್ ಸುಟ್ಟು ಜಗತ್ತು ಬಿಸಿಯಾದಂತೆ ಮಳೆಯ ನಡೆ ಬದಲಾಗುತ್ತಿದೆ ಎಂದು ವಿಜ್ಞಾನಿಗಳು ಹೇಳುತ್ತಾರೆ. ತಿಂಗಳುಗಟ್ಟಲೆ ಹದವಾಗಿ ಬೀಳಬೇಕಾದ ನೀರು ನಾಲ್ಕು ದಿನದಲ್ಲಿ ಸುರಿದು ಹೋಗುತ್ತದೆ. ನಮ್ಮ ಕಡೆಯದು ಗಟ್ಟಿ ಕಲ್ಲಿನ ನೆಲ. ನೀರು ಬಿರುಕುಗಳಲ್ಲಷ್ಟೇ ಇಳಿದು ನಿಲ್ಲಬೇಕು. ಕೆರೆ, ಬಾವಿಗಳಲ್ಲಿ ಹೂಳು ತುಂಬಿದ್ದರೆ ಆ ನಾಲ್ಕು ದಿನದ ಮಳೆಯೂ ನಮಗೆ ದಕ್ಕುವುದಿಲ್ಲ. ಹಳೆಯ ಬಾವಿಯೊಂದರ ಹೂಳಿಗೂ ಹವಾಮಾನಕ್ಕೂ ಇರುವ ನಂಟು ಇದು. 2024ರ ಹಜ್‌ನಲ್ಲಿ ಮಕ್ಕಾದ ಬಿಸಿಲು 50 ಡಿಗ್ರಿ ದಾಟಿತ್ತು. 1,300ಕ್ಕೂ ಹೆಚ್ಚು ಯಾತ್ರಿಕರು ತೀರಿಕೊಂಡರು. ನೆಲದಲ್ಲೂ ಕಡಲಲ್ಲೂ ತಲೆದೋರುವ ಕೆಡುಕು ಮನುಷ್ಯರ ಕೈಗಳದೇ ಗಳಿಕೆ ಎಂದು ಸೂರಃ ಅರ್‍ರೂಮ್‌ನಲ್ಲಿ ಅಲ್ಲಾಹನು ಎಚ್ಚರಿಸಿದ್ದಾನೆ. ಮನುಷ್ಯರು ಮರಳಿ ಬರಲೆಂದೇ ಆ ಕರ್ಮಫಲದ ಸ್ವಲ್ಪ ರುಚಿ ತೋರಿಸಲಾಗುತ್ತದೆ ಎಂದೂ ಅಲ್ಲಿ ಇದೆ. ಮರಳುವ ದಾರಿ ತೆರೆದಿದೆ ಎಂದೇ ಅದರ ಅರ್ಥ.

ಈಗ ಎರಡನೆಯ ಮತ್ತು ಮೂರನೆಯ ಮಾತು. ಇವು ಸುಲಭದವಲ್ಲ. ಕೇಳಿದವರ ಈಮಾನಿನ ಕಾಳಜಿಯನ್ನೂ, ಯುವಕರ ಮನಸ್ಸಿನ ಭಯವನ್ನೂ ನಾನು ಹಗುರವಾಗಿ ಕಾಣುವುದಿಲ್ಲ.

ಪ್ರವಾದಿತ್ವ ದೊರೆಯುವ ಮೊದಲಿನ ಕಾಲ. ಯೆಮನ್ ಕಡೆಯ ವ್ಯಾಪಾರಿಯೊಬ್ಬ ಮಕ್ಕಾಕ್ಕೆ ಸರಕು ತಂದ. ಪ್ರಭಾವಿಯಾಗಿದ್ದ ಆಸ್ ಬಿನ್ ವಾಇಲ್ ಸರಕು ಕೊಂಡ, ಹಣ ಕೊಡಲಿಲ್ಲ. ದಿಕ್ಕಿಲ್ಲದ ವ್ಯಾಪಾರಿ ಅಬೂ ಖುಬೈಸ್ ಬೆಟ್ಟ ಹತ್ತಿ ನ್ಯಾಯಕ್ಕಾಗಿ ಕೂಗಿದ. ಆಗ ಮಕ್ಕಾದ ಕೆಲವು ಕುಲಗಳ ಹಿರಿಯರು ಅಬ್ದುಲ್ಲಾ ಬಿನ್ ಜುದ್‌ಆನ್‌ನ ಮನೆಯಲ್ಲಿ ಸೇರಿದರು. ಅನ್ಯಾಯಕ್ಕೊಳಗಾದವನು ಯಾರೇ ಇರಲಿ, ಅವನ ಹಕ್ಕು ಸಿಗುವವರೆಗೆ ಒಟ್ಟಾಗಿ ನಿಲ್ಲುತ್ತೇವೆ ಎಂದು ಪ್ರತಿಜ್ಞೆ ಮಾಡಿದರು. ಅದೇ ಹಿಲ್‌ಫುಲ್ ಫುಝೂಲ್. ಯುವಕರಾಗಿದ್ದ ಮುಹಮ್ಮದ್(ಸ) ಆ ಸಭೆಯಲ್ಲಿದ್ದರು. ಸೇರಿದ್ದವರು ಯಾರು? ಕಅ್‌ಬಾದಲ್ಲಿ ವಿಗ್ರಹಗಳನ್ನು ಪೂಜಿಸುತ್ತಿದ್ದ ಜನ. ಮುಂದೆ ಪ್ರವಾದಿಯಾದ ಮೇಲೂ ಅವರು ಆ ಒಪ್ಪಂದವನ್ನು ಮೆಚ್ಚಿ ನೆನೆದರು. ಬೆಲೆಬಾಳುವ ಕೆಂಪು ಒಂಟೆಗಳನ್ನು ಕೊಟ್ಟರೂ ಅದನ್ನು ಬಿಟ್ಟುಕೊಡಲಾರೆ, ಈಗಲೂ ಅಂಥದ್ದಕ್ಕೆ ಕರೆದರೆ ಹೋಗುತ್ತೇನೆ ಎಂಬ ಅರ್ಥದ ಮಾತು ಹೇಳಿದರು. ಗಮನಿಸಿ, ಅವರು ಕರೆಯಲಿ ಎಂದು ಕಾದು, ತಮ್ಮದೇ ಬೇರೆ ಒಪ್ಪಂದ ಮಾಡಿಕೊಳ್ಳುತ್ತೇನೆ ಎನ್ನಲಿಲ್ಲ.

ಪುಣ್ಯ ಮತ್ತು ದೇವಭಯದ ಕೆಲಸದಲ್ಲಿ ಸಹಕರಿಸಿ, ಪಾಪದಲ್ಲಿ ಸಹಕರಿಸಬೇಡಿ ಎಂಬ ಆದೇಶ ಸೂರಃ ಅಲ್‌ಮಾಇದಃದಲ್ಲಿದೆ. ಮಸ್ಜಿದುಲ್ ಹರಾಮ್‌ಗೆ ಹೋಗದಂತೆ ತಡೆದವರ ಮೇಲಿನ ಸಿಟ್ಟು ಕೂಡ ನಿಮ್ಮನ್ನು ಅತಿರೇಕಕ್ಕೆ ಒಯ್ಯಬಾರದು ಎಂಬ ಎಚ್ಚರಿಕೆಯೂ ಅದೇ ವಚನದಲ್ಲಿದೆ. ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ಪೂಜೆ ನಡೆಯುವಾಗ ಗೌರವದಿಂದ ಪಕ್ಕಕ್ಕೆ ನಿಲ್ಲಿ, ಪೂಜೆಯಲ್ಲಿ ಪಾಲ್ಗೊಳ್ಳಬೇಡಿ. ಅದು ಮುಗಿದ ಮೇಲೆ ಎಲ್ಲರಿಗಿಂತ ಮೊದಲು ಸಲಿಕೆ ಹಿಡಿಯಿರಿ. ಝುಹರ್ ಹೊತ್ತಾದಾಗ ನಾವು ನಮಾಝ್‌ಗೆ ಪಕ್ಕಕ್ಕೆ ಹೋದರೆ ಅವರೂ ಗೌರವದಿಂದಲೇ ಕಾಯುತ್ತಾರೆ. ದೂರ ನಿಂತರೆ ಸುರಕ್ಷಿತ ಎನ್ನುವ ಯುವಕರಿಗೆ ಒಂದು ಮಾತು. ದೂರ ನಿಂತವನ ಬಗ್ಗೆ ಯಾರು ಬೇಕಾದರೂ ಏನು ಬೇಕಾದರೂ ಹೇಳಬಹುದು. ಒಂದೇ ಹಗ್ಗ ಎಳೆದವನ ಬಗ್ಗೆ ಹಾಗೆ ಹೇಳಲು ಬಂದರೆ, ಹಗ್ಗದ ಇನ್ನೊಂದು ಕಡೆ ಇದ್ದವನೇ ಎದ್ದು ಉತ್ತರ ಕೊಡುತ್ತಾನೆ.

ಇದು ಹೊಸದೂ ಅಲ್ಲ. ಕಮಲಾಪುರ ದಾಟಿ ಅದೇ ರಸ್ತೆಯಲ್ಲಿ ಮುಂದೆ ಹೋದರೆ ಹುಮನಾಬಾದ್, ಆಮೇಲೆ ಬೀದರ್. ಬಹಮನಿಗಳ ಕಾಲದ ಕರೇಝ್, ಅಂದರೆ ಸುರಂಗ ಬಾವಿ, ಅಲ್ಲಿನ ನೌಬಾದ್‌ನಲ್ಲಿದೆ. ಕೆಲವು ವರ್ಷಗಳ ಹಿಂದೆ ಅದರ ಹೂಳು ತೆಗೆಯಲಾಯಿತು. 2016ರ ಬರದಲ್ಲಿ, ಪಕ್ಕದ ಲಾತೂರಿಗೆ ಮೀರಜ್‌ನಿಂದ ರೈಲಿನಲ್ಲಿ ನೀರು ತರುತ್ತಿದ್ದ ಆ ದಿನಗಳಲ್ಲಿ, ಬೀದರ್‌ನಲ್ಲಿ ಜಿಲ್ಲಾಡಳಿತದ ಜೊತೆ ಯುವಕರು ಹಳೆಯ ಬಾವಿಗಳಿಗೆ ಇಳಿದರು. ಸುಲ್ತಾನರ ಕಾಲದ ನೀರಿನ ದಾರಿ ಇಂದಿನ ಊರವರ ಕೈಯಿಂದ ಉಳಿಯಿತು.

ಈಗ ನಮ್ಮದೇ ಒಂದು ತಪ್ಪನ್ನು ಹೇಳಬೇಕು. ಎರಡು ವರ್ಷದ ಹಿಂದೆ ನಾವೂ ಸಸಿ ನೆಟ್ಟೆವು. ನಲವತ್ತು ಬೇವು, ಹೊಂಗೆ. ಫೋಟೋ ತೆಗೆದೆವು, ವಾಟ್ಸ್‌ಆ್ಯಪ್‌ನಲ್ಲಿ ಹಾಕಿದೆವು. ಮುಂದಿನ ಮೇ ತಿಂಗಳಲ್ಲಿ ಎಣಿಸಿದಾಗ ಉಳಿದದ್ದು ಆರು. ನಾನು ನನ್ನ ಕೈಯಾರೆ ನೆಟ್ಟ ಬೇವು ಕೂಡ ಒಣಗಿತು. ಐದು ಹೊತ್ತು ಅದರ ಮುಂದೆಯೇ ನಡೆದು ಬರುತ್ತಿದ್ದೆ, ಒಂದು ತಂಬಿಗೆ ನೀರು ಹಾಕಲಿಲ್ಲ. ಅಂತ್ಯದಿನ ಬಂದೇಬಿಟ್ಟರೂ ಕೈಯಲ್ಲಿರುವ ಸಸಿಯನ್ನು ನೆಡಬೇಕು ಎಂಬ ಹದೀಸನ್ನು ಆ ದಿನ ನಾನೇ ಹೇಳಿದ್ದೆ. ಆದ್ದರಿಂದ ಒಂದು ದಿನ ಹೋಗಿ ಬರುವ ಉತ್ಸಾಹ ನನಗೆ ಬೇಡ. ಬರುವವರು ಹತ್ತೇ ಜನ ಇರಲಿ, ಮಳೆಗಾಲದವರೆಗೆ ಬರಲಿ.

ನೀರಿನ ವಿಷಯ ಬಂದಿದೆ, ನಮ್ಮ ಮಸೀದಿಯದನ್ನೂ ಹೇಳಿಬಿಡುತ್ತೇನೆ. ಮೊನ್ನೆ ನಲ್ಲಿಯ ಕೆಳಗೆ ಬಕೆಟ್ ಇಟ್ಟು ನೋಡಿದೆ. ಒಬ್ಬರ ವುಝೂ ಮುಗಿಯುವಷ್ಟರಲ್ಲಿ ಏಳು ಲೀಟರ್ ನೀರು ಬಿದ್ದಿತ್ತು. ಪ್ರವಾದಿ(ಸ) ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರೆಂದು ಹದೀಸ್ ಇದೆ. ನಮ್ಮ ಲೆಕ್ಕದಲ್ಲಿ ಅದು ಒಂದು ಲೀಟರೂ ಆಗುವುದಿಲ್ಲ. ಇಂದು ಇಲ್ಲಿ ಮುನ್ನೂರು ಜನ ಇದ್ದೀರಿ. ಒಂದೇ ನಮಾಝಿಗೆ ಎರಡು ಸಾವಿರದ ನೂರು ಲೀಟರ್ ಮೋರಿ ಸೇರಿತು. ನಲ್ಲಿ ತುಸುವೇ ತಿರುಗಿಸಿ. ಮೋರಿಗೆ ಹೋಗುವ ಆ ನೀರನ್ನು ಉಳಿದ ಆರು ಮರಗಳ ಕಡೆ ತಿರುಗಿಸಲು ಕಮಿಟಿಯವರು ಒಪ್ಪಿದ್ದಾರೆ, ಪೈಪ್ ಬರಬೇಕಿದೆ. ಛಾವಣಿಯ ಮಳೆನೀರಿನ ಮಾತು ಮುಂದಿನ ವಾರ.

ಸಅ್‌ದ್ ಬಿನ್ ಉಬಾದಾ(ರ) ತೀರಿಹೋದ ತಾಯಿಯ ಹೆಸರಿನಲ್ಲಿ ಯಾವ ದಾನ ಉತ್ತಮ ಎಂದು ಕೇಳಿದಾಗ ಪ್ರವಾದಿ(ಸ) ನೀರು ಎಂದರು. ಅವರು ಬಾವಿ ತೋಡಿಸಿದರು. ನಿಮ್ಮಲ್ಲಿ ಅಮ್ಮಿ, ಅಬ್ಬಾರನ್ನು ಕಳೆದುಕೊಂಡವರು ಇದ್ದೀರಿ. ಇಸಾಲೆ ಸವಾಬ್‌ಗೆಂದು ಪ್ರತಿ ವರ್ಷ ಡೇಗ್ ಇಳಿಸುತ್ತೀರಿ, ಅಲ್ಲಾಹನು ಸ್ವೀಕರಿಸಲಿ. ಈ ವರ್ಷ ಅವರ ಹೆಸರಿನಲ್ಲಿ ನಾಲ್ಕು ಬುಟ್ಟಿ ಹೂಳನ್ನೂ ಎತ್ತಿ.

ಐತವಾರ ಫಜ್ರ್ ನಮಾಝಿನ ನಂತರ ಮಸೀದಿಯ ಮುಂದಿನಿಂದ ಹೊರಡುವುದು. ಹೆಸರನ್ನು ಮುಅಝ್ಝಿನ್ ಸಾಹೇಬರ ಬಳಿ ಬರೆಸಿ. ಸಲಿಕೆ, ಬುಟ್ಟಿ ಊರವರು ಕೊಡುತ್ತಾರೆ. ಹಳೆಯ ಬಾವಿಯ ತಳದಲ್ಲಿ ಕೆಟ್ಟ ಗಾಳಿ ಇರಬಹುದು. ಊರಿನ ಅನುಭವಸ್ಥರು ಹೇಳುವವರೆಗೆ ನಮ್ಮ ಹುಡುಗರು ಯಾರೂ ಕೆಳಗೆ ಇಳಿಯಬಾರದು, ಮೇಲೆ ನಿಂತು ಹಗ್ಗ ಎಳೆಯಬೇಕು. ಮನೆಯ ಹೆಣ್ಣುಮಕ್ಕಳಿಗೆ ಹೇಳಿ, ಜೋಳದ ರೊಟ್ಟಿ ನಮ್ಮ ಲೆಕ್ಕಕ್ಕಿಂತ ಇಪ್ಪತ್ತು ಹೆಚ್ಚು ಇರಲಿ. ಪಲ್ಯ ಮಾತ್ರ ತರಕಾರಿಯದೇ ಇರಲಿ, ಅಲ್ಲಿ ಎಲ್ಲರೂ ಒಟ್ಟಿಗೆ ಕೂತು ಉಣ್ಣಬೇಕು.