ಇಪ್ಪತ್ತರ ಹೊಸ್ತಿಲಲ್ಲಿ

ಹುಡುಗನ ಮೀಸೆ ಕಪ್ಪಾಯಿತು, ಹುಡುಗಿ ತಾಯಿಯ ಎತ್ತರಕ್ಕೆ ಬಂದಳು. ಇನ್ನು ಇವರ ಬೆಳವಣಿಗೆ ಮುಗಿಯಿತೆಂದು ನಾವು ಹಿರಿಯರು ನಿಶ್ಚಿಂತರಾಗುತ್ತೇವೆ. ಕಾನೂನೂ ಬಹುಮಟ್ಟಿಗೆ ಹಾಗೆಯೇ ಎಣಿಸುತ್ತದೆ. ಮತದಾನದ ವಯಸ್ಸು 1989ರಲ್ಲಿ 21ರಿಂದ 18ಕ್ಕೆ ಇಳಿಯಿತು. ಆದರೆ ಪ್ರಕೃತಿಯ ಲೆಕ್ಕ ಬೇರೆ. ಕೊರಳ ಬುಡದಲ್ಲಿರುವ ಅಡ್ಡೆಲುಬಿನ ಒಳತುದಿ ಪೂರ್ತಿಯಾಗಿ ಬೆಸೆದುಕೊಳ್ಳುವುದು ಇಪ್ಪತ್ತು ದಾಟಿದ ಎಷ್ಟೋ ವರ್ಷಗಳ ಬಳಿಕ. ಮುಂದಾಲೋಚನೆ, ಆವೇಗದ ಹತೋಟಿ ಇವುಗಳಿಗೆ ಆಧಾರವಾದ ಮಿದುಳಿನ ಮುಂಭಾಗವೂ ಇಪ್ಪತ್ತೈದರ ಆಸುಪಾಸಿನವರೆಗೆ ಬಲಿಯುತ್ತಲೇ ಇರುತ್ತದೆ.

ದೇಹದ ಮಾತು ಅದಾಯಿತು. ಮನಸ್ಸಿನಲ್ಲಿ ಆಗ ಬೆಳೆಯುವುದು ಏನು? ಎರಿಕ್ ಎರಿಕ್ಸನ್ ಎಂಬ ಮನೋವಿಜ್ಞಾನಿ 1950ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಮನುಷ್ಯನ ಬಾಳನ್ನು ಎಂಟು ಘಟ್ಟಗಳಾಗಿ ವಿಂಗಡಿಸಿದನು. ತಾರುಣ್ಯದ ಘಟ್ಟದಲ್ಲಿ ಅವನು ಕಂಡ ಪ್ರಶ್ನೆ ಇದು: ಆತ್ಮೀಯತೆಯೋ, ಒಂಟಿತನವೋ? ತಾನು ಯಾರೆಂಬುದು ಒಂದಿಷ್ಟು ತಿಳಿದ ಮೇಲೆಯೇ ಇನ್ನೊಬ್ಬರಿಗೆ ತನ್ನನ್ನು ಒಪ್ಪಿಸಿಕೊಳ್ಳುವ ಧೈರ್ಯ ಬರುತ್ತದೆ. ನಮ್ಮ ಆಶ್ರಮಧರ್ಮವೂ ಬ್ರಹ್ಮಚರ್ಯದ ಮುಂದಿನ ಮೆಟ್ಟಿಲಾಗಿ ಗಾರ್ಹಸ್ಥ್ಯವನ್ನು ಇಟ್ಟಿದೆ. ಕಲಿಕೆಯ ಮುಂದೆ ಹೊಣೆ, ಅದೇ ಕ್ರಮ.

ಈ ಮಾತಿಗೆ ನಮ್ಮ ಜಿಲ್ಲೆಯಲ್ಲಿಯೇ ಒಂದು ಸೊಗಸಾದ ನಿದರ್ಶನವಿದೆ. 1883ರಲ್ಲಿ ರವೀಂದ್ರನಾಥ ಠಾಕೂರರು ಕಾರವಾರದಲ್ಲಿ ಬಂದು ತಂಗಿದ್ದರು. ಅಣ್ಣ ಸತ್ಯೇಂದ್ರನಾಥರು ಅಲ್ಲಿ ನ್ಯಾಯಾಧೀಶರು. ತಮ್ಮನಿಗೆ ಆಗ 22 ವರ್ಷ. ವಿಲಾಯತಿಗೆ ಓದಲು ಹೋಗಿ, ಪದವಿಯಿಲ್ಲದೆ ಹಿಂತಿರುಗಿ ಮೂರು ವರ್ಷ ಕಳೆದಿತ್ತು. ಇಂದಿನ ನೆರೆಹೊರೆಯವರಾಗಿದ್ದರೆ 'ಹುಡುಗನಿಗೆ ಇನ್ನೂ ಒಂದು ನೆಲೆಯಿಲ್ಲ' ಎನ್ನುತ್ತಿದ್ದರು! ಆ ತರುಣ ಬೆಳದಿಂಗಳಲ್ಲಿ ಕಾಳೀನದಿಯ ಮೇಲೆ ದೋಣಿಯಲ್ಲಿ ವಿಹರಿಸಿದನು, ಕಡಲತೀರದಲ್ಲಿ ನಡೆದನು, 'ಪ್ರಕೃತಿರ್ ಪ್ರತಿಶೋಧ' ಎಂಬ ನಾಟಕವನ್ನು ಬರೆದನು. ಎಲ್ಲ ಬಂಧನಗಳನ್ನೂ ಹರಿದುಕೊಂಡು ಅನಂತವನ್ನು ಪಡೆಯಹೊರಟ ಸಂನ್ಯಾಸಿಯೊಬ್ಬನನ್ನು ಒಬ್ಬ ಪುಟ್ಟ ಹುಡುಗಿ ತನ್ನ ಪ್ರೀತಿಯಿಂದ ಲೋಕಕ್ಕೆ ಮರಳಿ ಎಳೆತರುವ ಕಥೆ ಅದು. ತಮ್ಮ ಮುಂದಿನ ಬರವಣಿಗೆಗೆಲ್ಲ ಇದನ್ನು ಪೀಠಿಕೆಯೆನ್ನಬಹುದೆಂದು ಕವಿಗಳೇ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಅದೇ ವರ್ಷದ ಡಿಸೆಂಬರಿನಲ್ಲಿ ಅವರ ವಿವಾಹವೂ ಆಯಿತು.

ಕಟ್ಟು ಕಳಚಿದರೆ ಬಿಡುಗಡೆ ಎಂದು ಹದಿನೆಂಟರ ಮನಸ್ಸು ನಂಬುತ್ತದೆ. ತಾನೇ ಆರಿಸಿಕೊಂಡ ಕಟ್ಟಿನೊಳಗೂ ಬಿಡುಗಡೆಯುಂಟೆಂದು ಕಾಣುವುದೇ ತಾರುಣ್ಯದ ನಿಜವಾದ ಬೆಳವಣಿಗೆ. ಆ ಕಟ್ಟು ಮದುವೆಯೇ ಆಗಬೇಕೆಂದಿಲ್ಲ. 1909ರಲ್ಲಿ ಹುಟ್ಟಿದ ಅಂಕೋಲೆಯ ದಿನಕರ ದೇಸಾಯಿಯವರು ಮುಂಬಯಿಯಲ್ಲಿ ಕಾನೂನು ಓದಿಯೂ ವಕೀಲಿಯ ಸಂಪಾದನೆಗೆ ಇಳಿಯದೆ ಭಾರತ ಸೇವಕ ಸಮಾಜವನ್ನು ಸೇರಿದರು. ತಮ್ಮ ಜಿಲ್ಲೆಯ ಗೇಣಿದಾರ ರೈತರನ್ನು ಸಂಘಟಿಸಿದರು. ಅದಕ್ಕಾಗಿ 1940ರಲ್ಲಿ ಸರಕಾರ ಅವರನ್ನು ಜಿಲ್ಲೆಯಿಂದಲೇ ಗಡಿಪಾರು ಮಾಡಿತು. ಊರಿನಿಂದ ಹೊರದಬ್ಬಿದರೂ ಊರಿನ ಕಟ್ಟು ಹರಿಯಲಿಲ್ಲ. 1953ರಲ್ಲಿ ಅವರು ಕಟ್ಟಿದ ಕೆನರಾ ವೆಲ್‌ಫೇರ್ ಟ್ರಸ್ಟಿನಿಂದ ಜಿಲ್ಲೆಯಲ್ಲಿ ಶಾಲೆಗಳು ಎದ್ದವು.

ಇಂದು ಗಂಗಾವಳಿಯ ದಡದ ರಾಮನಗುಳಿಯಂಥ ಹಳ್ಳಿಯಿಂದ ಹುಬ್ಬಳ್ಳಿಗೋ ಬೆಂಗಳೂರಿಗೋ ಬಸ್ಸು ಹತ್ತುವ ತರುಣನನ್ನು ನೆನೆಯಿರಿ. ಅಂಥವನೊಬ್ಬ ನಿಮ್ಮ ಮನೆಯ ಬಾಡಿಗೆ ಕೋಣೆಯಲ್ಲಿಯೇ ಇರಬಹುದು. ಊರಿನಲ್ಲಿ ತೋಟವಿದೆ, ತಂದೆಗೆ ವಯಸ್ಸಾಗುತ್ತಿದೆ. ಪಟ್ಟಣದಲ್ಲಿ ಹಿಡಿದ ಕೆಲಸ ಇನ್ನೂ ಕಾಯಮ್ಮಲ್ಲ. ಹೋಗುವುದೋ ನಿಲ್ಲುವುದೋ ಎಂಬ ತೂಗಾಟ ಅವನ ಸೋಮಾರಿತನವಲ್ಲ. ಅದು ಬೆಳವಣಿಗೆಯ ನೋವು. ಮಗಳಿಗಂತೂ ಎಷ್ಟೋ ಮನೆಗಳಲ್ಲಿ ಆ ತೂಗಾಟದ ಅವಕಾಶವೂ ಇಲ್ಲ. ಅವಳು ತೂಗಿ ನೋಡುವ ಮೊದಲೇ ನಾವು ನಿರ್ಧರಿಸಿಬಿಡುತ್ತೇವೆ.

ಇಲ್ಲಿ ಹಿರಿಯರು ಎರಡು ಬಗೆಯಲ್ಲಿ ಎಡವುತ್ತಾರೆ. ಕೆಲವರು ಇಪ್ಪತ್ತರವನನ್ನು ಪೂರ್ತಿ ಬಲಿತವನೆಂದು ಬಗೆದು ಮನೆಯ ಸಾಲವನ್ನೆಲ್ಲ ಹೆಗಲಿಗೆ ಹೇರುತ್ತಾರೆ. ಕೆಲವರು ಕೂಸೆಂದೇ ಬಗೆದು ಹತ್ತು ರೂಪಾಯಿಗೂ ಲೆಕ್ಕ ಕೇಳುತ್ತಾರೆ. ನಡುವಣ ದಾರಿ ಕಷ್ಟದ್ದೇನಲ್ಲ. ಮನೆಯ ಲೆಕ್ಕಪತ್ರ ಮಗನಿಗೂ ಮಗಳಿಗೂ ತಿಳಿದಿರಲಿ. ಒಂದು ಕೆಲಸವನ್ನು ಆದಿಯಿಂದ ಅಂತ್ಯದವರೆಗೆ ಅವರ ಕೈಗೇ ಬಿಡಿ. ಸೋತು ಬಂದಾಗ ಮೊದಲು ಊಟಕ್ಕೆ ಕರೆಯಿರಿ, ಬುದ್ಧಿಮಾತು ಮರುದಿನಕ್ಕಿರಲಿ. ಮದುವೆಯ ಮಾತಿನಲ್ಲಿ ಅವರ ಮನಸ್ಸನ್ನು ಕೇಳಿರಿ. ಕೇಳಿದ ಮೇಲೆ ಉತ್ತರಕ್ಕೆ ಕಾಯಿರಿ.

ನೆಟ್ಟ ಅಡಿಕೆ ಸಸಿ ಫಲಕೊಡಲು ವರ್ಷಗಟ್ಟಲೆ ಕಾಯುತ್ತೇವೆ. ಬುಡಕ್ಕೆ ನೀರು ಹನಿಸುತ್ತೇವೆಯೇ ಹೊರತು ತುದಿ ಹಿಡಿದು ಜಗ್ಗುವುದಿಲ್ಲ. ಅಷ್ಟು ತಾಳ್ಮೆ ನಮ್ಮ ಮಕ್ಕಳಿಗೂ ಸಲ್ಲಬೇಕಾದದ್ದು.