ಮನೆಯ ಜನರೇಟರಿನ ಜೋಡಣೆ



ಕಾವೇರಿಯ ಶಿವನಸಮುದ್ರದಲ್ಲಿ 1902ರಲ್ಲಿ ಉತ್ಪನ್ನವಾದ ವಿದ್ಯುಚ್ಛಕ್ತಿಯು ಮೊದಲು ಕೋಲಾರದ ಚಿನ್ನದ ಗಣಿಗಳಿಗೆ ಹರಿದು, 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಇಂದು ಭೀಮಾ ನದಿಯ ಸೀಮೆಯ ಆಲಮೇಲದಂತಹ ಊರಿನಲ್ಲಿಯೂ ದೀಪ, ಕುಡಿಯುವ ನೀರು, ಹಿಟ್ಟಿನ ಗಿರಣಿ, ಔಷಧವನ್ನು ತಂಪಾಗಿಡುವ ಪೆಟ್ಟಿಗೆ ಇವೆಲ್ಲವೂ ಆ ಶಕ್ತಿಯನ್ನೇ ನಂಬಿಕೊಂಡಿವೆ. ಬೇಸಿಗೆಯ ಕೊನೆಯ ಬಿರುಗಾಳಿಗೆ ಕಂಬವೊಂದು ಉರುಳಿದರೆ ಮನೆಯ ಕೆಲಸವೆಲ್ಲ ನಿಂತುಹೋಗುತ್ತದೆ. ಆದುದರಿಂದ ಅನುಕೂಲವುಳ್ಳವರು ಮೀಸಲಾಗಿ ಒಂದು ಜನರೇಟರನ್ನು ಇಟ್ಟುಕೊಳ್ಳುವುದು ಯುಕ್ತವೇ ಆಗಿದೆ. ಆದರೆ ಅದನ್ನು ಮನೆಯ ತಂತಿಗಳಿಗೆ ಜೋಡಿಸುವ ಕ್ರಮವನ್ನು ತಿಳಿಯದೆ ಹೋದರೆ, ನಮ್ಮ ಮನೆಯ ಬೆಳಕು ಮತ್ತೊಬ್ಬರ ಮನೆಯನ್ನು ಕತ್ತಲೆ ಮಾಡೀತು. ಈ ವಿಚಾರವನ್ನೇ ನಾವು ಇಂದು ನಿಮ್ಮ ಮುಂದಿಡಲು ಬಯಸುತ್ತೇವೆ.

ಬೀದಿಯ ಟ್ರಾನ್ಸ್‌ಫಾರ್ಮರು 11,000 ವೋಲ್ಟಿನ ಶಕ್ತಿಯನ್ನು ಇಳಿಸಿ ನಮ್ಮ ಮನೆಗೆ ಸುಮಾರು 230 ವೋಲ್ಟಿನಂತೆ ಕೊಡುತ್ತದೆ. ಇದು ಎಲ್ಲರೂ ಬಲ್ಲ ಸಂಗತಿ. ಅದೇ ಯಂತ್ರವು ಹಿಮ್ಮುಖವಾಗಿಯೂ ಕೆಲಸ ಮಾಡುವುದೆಂಬುದನ್ನು ಮಾತ್ರ ಬಹುಮಂದಿ ಅರಿಯರು. ಮನೆಯ ಜನರೇಟರಿನ 230 ವೋಲ್ಟು ಮೀಟರನ್ನು ದಾಟಿ ಬೀದಿಗೆ ಹೊರಟರೆ, ಟ್ರಾನ್ಸ್‌ಫಾರ್ಮರಿನ ಆಚೆಯ ಬದಿಯಲ್ಲಿ ಅದು ಹತ್ತು ಸಾವಿರ ವೋಲ್ಟಿನ ಸಮೀಪಕ್ಕೆ ಏರಬಹುದು. ಅದೇ ವೇಳೆಯಲ್ಲಿ ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿಯ ಲೈನ್‌ಮನ್ ಶಕ್ತಿಯನ್ನು ನಿಲ್ಲಿಸಿ, ಕಂಬವನ್ನೇರಿ, ಹರಿದ ತಂತಿಯನ್ನು ಕೂಡಿಸುತ್ತಿರಬಹುದು. ತಂತಿಯನ್ನು ಪರೀಕ್ಷಿಸಿ ಭೂಮಿಗೆ ಜೋಡಿಸಿದ ಬಳಿಕವೇ ಮುಟ್ಟಬೇಕೆಂಬ ನಿಯಮ ಅವನಿಗುಂಟು. ಆದರೆ ಅವನ ಎಚ್ಚರಿಕೆಯು ನಮ್ಮ ಅಲಕ್ಷ್ಯಕ್ಕೆ ಸಮಾಧಾನವಾಗಲಾರದು.

ಈ ಅನಾಹುತಕ್ಕೆ ಸುಲಭವಾದ ದಾರಿಯೆಂದರೆ ಎರಡು ತುದಿಗೂ ಪ್ಲಗ್ಗಿರುವ ತಂತಿ. ಒಂದು ತುದಿಯನ್ನು ಜನರೇಟರಿಗೂ ಇನ್ನೊಂದನ್ನು ಗೋಡೆಯ ಸಾಕೆಟ್ಟಿಗೂ ಚುಚ್ಚಿ ಮನೆಯನ್ನೆಲ್ಲ ಬೆಳಗಿಸುವವರಿದ್ದಾರೆ. ಆ ಪ್ಲಗ್ಗು ಸಾಕೆಟ್ಟಿನಿಂದ ಕಳಚಿಬಿದ್ದರೆ ಅದರ ಹಿತ್ತಾಳೆಯ ಮೊಳೆಗಳಲ್ಲಿಯೇ ಶಕ್ತಿ ಹರಿಯುತ್ತಿರುತ್ತದೆ. ಎತ್ತಿಕೊಂಡ ಮಗುವಿನ ಗತಿಯೇನು? “ಮೇನ್ ಸ್ವಿಚ್ಚನ್ನು ತೆಗೆದಿರುತ್ತೇವಲ್ಲ” ಎಂದು ಕೆಲವರು ಹೇಳುವುದುಂಟು. ಕತ್ತಲೆ, ಮಳೆ, ಅವಸರ ಇವು ಮೂರೂ ಕೂಡಿದಾಗ ಮರೆಯದ ಮನುಷ್ಯನಿಲ್ಲ. ಪ್ರಾಣರಕ್ಷಣೆಯನ್ನು ನೆನಪಿಗೆ ಒಪ್ಪಿಸಬಾರದು, ಯಂತ್ರಕ್ಕೆ ಒಪ್ಪಿಸಬೇಕು. ಮೇಲಾಗಿ ಜನರೇಟರು ನಡೆಯುತ್ತಿರುವಾಗಲೇ ಬೀದಿಯ ಶಕ್ತಿ ಮರಳಿ ಬಂದರೆ, ಹೊಂದಿಕೆಯಿಲ್ಲದ ಎರಡು ಶಕ್ತಿಗಳು ಪರಸ್ಪರ ಡಿಕ್ಕಿಯಾಗಿ ಜನರೇಟರೇ ಸುಟ್ಟುಹೋಗಬಹುದು.

ಇದಕ್ಕೆ ತಕ್ಕ ಉಪಾಯವು ಚೇಂಜ್ ಓವರ್ ಸ್ವಿಚ್ಚು. ಇದರ ಹಿಡಿಗೆ ಮೂರು ನೆಲೆಗಳುಂಟು: ಒಂದು ಕಡೆ ಬೀದಿಯ ಶಕ್ತಿ, ಇನ್ನೊಂದು ಕಡೆ ಜನರೇಟರು, ನಡುವೆ ಎರಡೂ ಇಲ್ಲದ ಶೂನ್ಯ. ಒಂದೇ ಹಿಡಿ ಒಮ್ಮೆಗೆ ಎರಡು ಕಡೆಗೂ ನಿಲ್ಲಲಾರದಾದ ಕಾರಣ ತಪ್ಪಿಗೆ ಎಡೆಯೇ ಇಲ್ಲ. ಅದು ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಕೂಡಿಯೇ ಬದಲಿಸುವ ಎರಡು ಪೋಲಿನದಾಗಿರಬೇಕು. ಫೇಸನ್ನು ಮಾತ್ರ ಬದಲಿಸಿ ನ್ಯೂಟ್ರಲನ್ನು ಹಾಗೆಯೇ ಬಿಟ್ಟರೆ ಬೀದಿಯ ಸಂಬಂಧ ಪೂರ್ತಿ ಹರಿಯಲಿಲ್ಲವೆಂದೇ ತಿಳಿಯಬೇಕು.

ಇನ್ನು ಅರ್ಥಿಂಗಿನ ವಿಷಯ. ಎರಡೂ ಪೋಲುಗಳು ಬೇರೆಯಾದ ಮೇಲೆ ಜನರೇಟರು ಸ್ವತಂತ್ರವಾದ ಶಕ್ತಿಮೂಲವಾಗುತ್ತದೆ. ಅನೇಕ ಸಣ್ಣ ಜನರೇಟರುಗಳಲ್ಲಿ ನ್ಯೂಟ್ರಲಿಗೂ ಭೂಮಿಗೂ ಸಂಬಂಧವಿರುವುದಿಲ್ಲ. ಹಾಗಿದ್ದಲ್ಲಿ, 30 ಮಿಲಿ ಆಂಪಿಯರು ಸೋರಿದರೆ ಶಕ್ತಿಯನ್ನು ಕಡಿಯಬೇಕಾದ ರಕ್ಷಕ ಸ್ವಿಚ್ಚು ಇದ್ದೂ ನಿರರ್ಥಕವಾದೀತು. ಆದಕಾರಣ ಜನರೇಟರಿನ ನ್ಯೂಟ್ರಲನ್ನು ಭೂಮಿಗೆ ಜೋಡಿಸಬೇಕೇ, ಹೇಗೆ ಎಂಬುದನ್ನು ಬಲ್ಲವರಿಂದಲೇ ನಿಷ್ಕರ್ಷಿಸಿ ಮಾಡಿಸಬೇಕು. ಆಲಮೇಲದ ಸುತ್ತಿನ ಎರೆಭೂಮಿಯು ತೇವವಿದ್ದಾಗ ವಿದ್ಯುತ್ತನ್ನು ಚೆನ್ನಾಗಿ ಒಯ್ಯುತ್ತದೆ. ಬೇಸಿಗೆಯಲ್ಲಿ ಒಣಗಿ ಬಿರುಕುಬಿಟ್ಟಾಗ ನೆಲದೊಳಗಿನ ಲೋಹಕ್ಕೂ ಮಣ್ಣಿಗೂ ಹಿಡಿತ ತಪ್ಪುತ್ತದೆ. ಅರ್ಥಿಂಗಿನ ಕುಣಿಗೆ ಆಗಾಗ್ಗೆ ನೀರು ಹಾಕಿಸುವುದನ್ನೂ, ವರುಷಕ್ಕೊಮ್ಮೆ ಅಳೆಯಿಸುವುದನ್ನೂ ಬಿಡಬಾರದು.

ಭಾರದ ಲೆಕ್ಕವನ್ನೂ ಮೊದಲೇ ಮಾಡಿಕೊಳ್ಳಬೇಕು. ಒಂದು ಅಶ್ವಶಕ್ತಿಯೆಂದರೆ 746 ವ್ಯಾಟ್. ಆದರೆ ಮೋಟಾರು ತಿರುಗಲು ತೊಡಗುವ ಕ್ಷಣದಲ್ಲಿ ತನ್ನ ನಿತ್ಯದ ಪ್ರವಾಹದ ಐದಾರು ಪಟ್ಟನ್ನು ಎಳೆಯುತ್ತದೆ. ದೀಪ, ಪಂಖ, ತಂಪು ಪೆಟ್ಟಿಗೆಗಳಿಗೆ ಸಾಕಾಗುವ ಜನರೇಟರಿಗೆ ಬೋರಿನ ಮೋಟಾರನ್ನು ಕಟ್ಟುವುದು ಕರುವಿನ ಹೆಗಲಿಗೆ ನೊಗವಿಟ್ಟಂತೆಯೇ ಸರಿ. ಅಗತ್ಯವಾದ ಕೆಲವು ಸರ್ಕ್ಯೂಟುಗಳನ್ನಷ್ಟೇ ಬೇರ್ಪಡಿಸಿ ಚೇಂಜ್ ಓವರಿಗೆ ಕೊಡುವುದು ಮೇಲು.

ಕೊನೆಯದಾಗಿ, ಯಂತ್ರವನ್ನು ಇಡುವ ಸ್ಥಳ. ನಮ್ಮ ಹಳೆಯ ಮಾಳಿಗೆಯ ಮನೆಗಳು ದಪ್ಪ ಗೋಡೆ, ಕಿರಿದಾದ ಕಿಂಡಿಗಳಿಂದ ಕೂಡಿ ತಂಪಾಗಿರುತ್ತವೆ. ಗಾಳಿಯ ಸಂಚಾರವಾದರೋ ಕಡಿಮೆ. ಜನರೇಟರಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ಬಣ್ಣವೂ ವಾಸನೆಯೂ ಇಲ್ಲದ ವಿಷಾನಿಲವಿದೆ. ಅದು ರಕ್ತದಲ್ಲಿ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚಾಗಿ ಅಂಟಿಕೊಂಡು, ನಿದ್ರೆಯಲ್ಲಿಯೇ ಪ್ರಾಣ ತೆಗೆಯುತ್ತದೆ. ಪಡಸಾಲೆಯಾಗಲಿ, ದನದ ಕೊಟ್ಟಿಗೆಯಾಗಲಿ ಅದಕ್ಕೆ ಸ್ಥಳವಲ್ಲ. ಮನೆಯ ಬಾಗಿಲು ಕಿಟಕಿಗಳಿಂದ ಇಪ್ಪತ್ತು ಅಡಿಯಾದರೂ ದೂರದಲ್ಲಿ, ಮಳೆಯ ನೀರು ತಾಗದ ಬಯಲಿನಲ್ಲಿ ಅದನ್ನಿಡಬೇಕು. ಯಂತ್ರವು ಬಿಸಿಯಾಗಿರುವಾಗ ಪೆಟ್ರೋಲನ್ನು ಸುರಿಯಬಾರದು. ನಿಲ್ಲಿಸಿ, ಆರಿದ ಮೇಲೆ ತುಂಬಬೇಕು.

ಈ ಜೋಡಣೆಯನ್ನೆಲ್ಲ ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸತಕ್ಕದ್ದು. ಅದಕ್ಕಾಗುವ ವೆಚ್ಚವನ್ನು ನಷ್ಟವೆಂದು ಯಾರೂ ಭಾವಿಸಬಾರದು. ಬಿರುಗಾಳಿಯ ರಾತ್ರಿ ನಮ್ಮ ಮನೆಗೆ ಬೆಳಕನ್ನು ಮರಳಿ ತರಲು ಕಂಬವನ್ನೇರಿದವನಿಗೂ ಬಾಗಿಲಲ್ಲಿ ಹಾದಿ ನೋಡುವ ಹೆಂಡತಿ ಮಕ್ಕಳಿರುತ್ತಾರೆ. ಅವನು ಕ್ಷೇಮವಾಗಿ ಇಳಿದು ಮನೆ ಸೇರುವಂತೆ ಮಾಡುವ ಹೊಣೆಯಲ್ಲಿ ಒಂದು ಪಾಲು ನಮ್ಮದು ಎಂದು ಬಿನ್ನವಿಸಿ ವಿರಮಿಸುತ್ತೇವೆ.