ಬೆಂಕಿಗೆ ಮುಂಚಿನ ಪಾಠ

ಯಶವಂತಪುರದ ಮಾರುಕಟ್ಟೆ ಪ್ರಾಂಗಣದಲ್ಲಿ ಗೋಣಿಚೀಲದ ರಾಶಿ. ಪಕ್ಕದ ಪೀಣ್ಯದ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಬಟ್ಟೆಯ ಥಾನುಗಳು. ಕಚೇರಿಗಳಲ್ಲಿ ಕಾಗದ, ವಿದ್ಯುತ್ ತಂತಿ. ಇವೆಲ್ಲ ನಮಗೆ ಅನ್ನ ಕೊಡುವ ವಸ್ತುಗಳೇ. ಒಂದು ಕಿಡಿ ತಗುಲಿದರೆ ಇವೇ ಸೌದೆಯಾಗುತ್ತವೆ.

2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್ಟನ್ ಟವರ್ಸ್ ಕಟ್ಟಡದಲ್ಲಿ ಬೆಂಕಿ ಕಾಣಿಸಿಕೊಂಡಿತು. ದಟ್ಟ ಹೊಗೆ ಮೇಲಿನ ಮಹಡಿಗಳಿಗೆ ಏರಿತು. ಕೆಲವರು ಉಸಿರುಗಟ್ಟಿ, ಕೆಲವರು ಕೆಳಗೆ ಹಾರಿ, ಒಟ್ಟು 9 ಮಂದಿ ಪ್ರಾಣ ಬಿಟ್ಟರು. ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಕೆಲಸಕ್ಕೆ ಹೊರಡುವ ನಮ್ಮ ನಿಮ್ಮಂಥವರೇ ಅವರು.

ಇದರಿಂದ ತಿಳಿಯಬೇಕಾದದ್ದೇನು? ಜ್ವಾಲೆಗಿಂತ ಮೊದಲು ಕೊಲ್ಲುವುದು ಹೊಗೆ. ಬಿಸಿ ಹೊಗೆ ಮೇಲಕ್ಕೇರುತ್ತದೆ. ಉಸಿರಾಡುವ ಗಾಳಿ ನೆಲದ ಹತ್ತಿರ ಉಳಿದಿರುತ್ತದೆ. ಆದ್ದರಿಂದ ಬಗ್ಗಿ ಅಥವಾ ತೆವಳಿ ಸಾಗಬೇಕು. ಲಿಫ್ಟ್ ಹತ್ತಬಾರದು, ವಿದ್ಯುತ್ ನಿಂತರೆ ಅದೇ ಸೆರೆಮನೆ. ಹೊರಬರುವಾಗ ಬಾಗಿಲು ಮುಚ್ಚಿ ಬನ್ನಿ, ಆದರೆ ಬೀಗ ಹಾಕಬೇಡಿ. ಮರೆತ ಚೀಲಕ್ಕಾಗಿ ಹಿಂದಿರುಗಬೇಡಿ. ವಿದ್ಯುತ್ತಿನಿಂದ ಹತ್ತಿದ ಬೆಂಕಿಗೆ ನೀರು ಎರಚಬಾರದು. ನಂದಿಸುವ ಸಿಲಿಂಡರನ್ನು ಬೆಂಕಿಯ ಬುಡಕ್ಕೆ ಗುರಿಯಿಡಬೇಕು.

ಇದನ್ನೆಲ್ಲ ಗೋಡೆಗೆ ಅಂಟಿಸಿದರೆ ಸಾಲದು. ಗಾಬರಿಯಾದಾಗ ಯಾರೂ ಫಲಕ ಓದುವುದಿಲ್ಲ. ಕಾಲು ತಾನು ಕಂಡ ದಾರಿಯನ್ನೇ ಹಿಡಿಯುತ್ತದೆ. ಆದ್ದರಿಂದ ಆ ದಾರಿಯಲ್ಲಿ ಎಲ್ಲರನ್ನೂ ಮೊದಲೇ ನಡೆಸಬೇಕು. ಕೆಲಸಗಾರರಿಗೆ ಪಾರಾಗುವ ದಾರಿಯ ಪರಿಚಯವೂ ತರಬೇತಿಯೂ ಇರಬೇಕೆಂದು 1948ರ ಕಾರ್ಖಾನೆಗಳ ಕಾಯಿದೆಯೇ ಹೇಳಿತ್ತು.

ಮಾಲೀಕರು ಕೇಳಬಹುದು: ಅರ್ಧ ಗಂಟೆ ಯಂತ್ರ ನಿಲ್ಲಿಸಿದರೆ ನಷ್ಟವಲ್ಲವೇ? ನಷ್ಟವೇ. ಆದರೆ ಅದನ್ನು ನಾಳೆ ತುಂಬಿಕೊಳ್ಳಬಹುದು. ಗಂಟೆ ಬಾರಿಸಿ, ಎಲ್ಲರನ್ನೂ ಮೆಟ್ಟಿಲಿಳಿಸಿ, ಗೊತ್ತುಮಾಡಿದ ಬಯಲಿನಲ್ಲಿ ನಿಲ್ಲಿಸಿ, ಹಾಜರಿ ಪುಸ್ತಕ ಹಿಡಿದು ತಲೆ ಎಣಿಸಿ. ನಿನ್ನೆ ಸೇರಿದ ಹುಡುಗಿಯನ್ನೂ ರಾತ್ರಿ ಪಾಳಿಯವರನ್ನೂ ಬಿಡಬೇಡಿ. ಕುಂಟುವವರಿಗೆ, ಗರ್ಭಿಣಿಯರಿಗೆ ಕೈ ಹಿಡಿಯುವವರು ಯಾರೆಂದು ಮೊದಲೇ ನಿಶ್ಚಯಿಸಿ. ಯಂತ್ರ ಬಿಟ್ಟು ಓಡಿದ್ದಕ್ಕೆ ಸಂಬಳ ಹಿಡಿಯುವುದಿಲ್ಲವೆಂದು ಬಾಯಿಬಿಟ್ಟು ಹೇಳಿ. ಆ ಭಯವೂ ಜನರನ್ನು ಒಳಗೇ ನಿಲ್ಲಿಸುತ್ತದೆ.

ಕೆಲಸಗಾರ ಬಂಧುಗಳೇ, ನಾಳೆ ಬೆಳಿಗ್ಗೆ ಒಂದು ಕೆಲಸ ಮಾಡಿ. ನೀವು ಕೂರುವ ಜಾಗದಿಂದ ಎರಡನೆಯ ಬಾಗಿಲಿನವರೆಗೆ ನಡೆದು ನೋಡಿ. ಅಲ್ಲಿ ಮೂಟೆಗಳಿವೆಯೇ, ಬೀಗವಿದೆಯೇ? ಇದ್ದರೆ ಅಂದೇ ಹೇಳಿ, ತೆಗೆಸಿ. ಬೆಂಕಿ ಬಿದ್ದ ಮೇಲೆ ಬೀಗದ ಕೈ ಹುಡುಕಲು ಸಮಯವಿರುವುದಿಲ್ಲ.